ಮಿಲ್ಲಿನ ಲೈನು, ಮೂವತ್ತೊಂದನೇ ಮನೆ

ಸಾಗರ
೬ ಡಿಸೆಂಬರ್ ೧೯೮೧

ಅಪ್ಪಯ್ಯನಿಗೆ ನಮಸ್ಕಾರ.

ನಿಮ್ಮ ಕಾರ್ಡು ಬಂದು ಹದಿನೈದು ದಿವಸವಾಯಿತು. ಉತ್ತರ ಬರಲಿಲ್ಲವೆಂದು ಅತ್ತಿಗೆಯ ಮುಂದೆ ಗೊಣಗುತ್ತಿದ್ದೀರಿ ಎಂದು ಗೊತ್ತು. ಏನು ಮಾಡಲಿ, ದಿನವಿಡೀ ಬರೆದು ಬರೆದು ಸಂಜೆ ಪೆನ್ನು ಕಂಡರೆ ಸಿಟ್ಟು ಬರುತ್ತದೆ. ಈ ಆರೋಗ್ಯ ಸರ್ವೆಗೆ ಸೇರುವಾಗ ಮನೆಮನೆಗೆ ಹೋಗಿ ನಾಲ್ಕು ಮಾತು ಕೇಳುವುದು ತಾನೇ ಅಂದುಕೊಂಡಿದ್ದೆ. ಒಂದೊಂದು ಮನೆಗೆ ನಾಲ್ಕು ಪುಟದ ಫಾರಂ. ಎಷ್ಟು ಮಕ್ಕಳು ಹುಟ್ಟಿದವು, ಎಷ್ಟು ಸತ್ತವು, ನೀರು ಎಲ್ಲಿಂದ, ಬಯಲಕಡೆಗೆ ಎಲ್ಲಿ ಹೋಗುತ್ತೀರಿ, ಯಾರಿಗೆ ಕೆಮ್ಮು, ಎಷ್ಟು ದಿನದಿಂದ. ಬಹಳ ದಿನದಿಂದ ಕೆಮ್ಮುವವರ ಕಫವನ್ನು ಡಬ್ಬಿಯಲ್ಲಿ ಹಾಕಿ ಪರೀಕ್ಷೆಗೆ ಕಳಿಸಬೇಕು. ಸಾಗರ ಮುಗಿದರೆ ಹೊಸನಗರ, ಆಮೇಲೆ ನಮ್ಮ ತೀರ್ಥಹಳ್ಳಿ. ಅಷ್ಟರಲ್ಲಿ ನನ್ನ ಚಪ್ಪಲಿ ಇನ್ನೆರಡು ಜೊತೆ ಸವೆಯುತ್ತದೆ.

ಈಗ ಧರ್ಮಪ್ಪನವರ ಅಕ್ಕಿ ಮಿಲ್ಲಿನ ಲೈನಿನಲ್ಲಿದ್ದೇನೆ. ಮಿಲ್ಲಿನ ಹಿಂದೆ ಸಾಲಾಗಿ ನಲವತ್ತಾರು ಮನೆ. ಮನೆ ಎಂದರೆ ಒಂದೊಂದು ಕೋಣೆ. ಗಂಡಸರು ಮೂಟೆ ಹೊರುತ್ತಾರೆ, ಹೆಂಗಸರು ಬೇಯಿಸಿದ ಭತ್ತವನ್ನು ಕಣದಲ್ಲಿ ಹರವಿ, ಬಿಸಿಲಲ್ಲಿ ಕಾಲಿನಿಂದ ಎಳೆದೆಳೆದು ಒಣಗಿಸುತ್ತಾರೆ. ಧರ್ಮಪ್ಪನವರು ಬಹಳ ಒಳ್ಳೆಯವರು. ನಾನು ಹೋಗುವ ದಿನ ಯಾರೂ ಕೆಲಸಕ್ಕೆ ಬರಬೇಡಿ, ಮನೆಯಲ್ಲೇ ಇದ್ದು ಅಮ್ಮ ಕೇಳಿದ್ದಕ್ಕೆಲ್ಲ ಉತ್ತರ ಕೊಡಿ ಎಂದು ಅಪ್ಪಣೆ ಮಾಡಿದ್ದಾರೆ. ಬೇರೆ ಕಡೆ ಹತ್ತು ಮನೆಯಲ್ಲಿ ಮೂರು ಮನೆಯವರು ಮುಖದ ಮೇಲೆ ಬಾಗಿಲು ಹಾಕುತ್ತಾರೆ. ಇಲ್ಲಿ ಒಬ್ಬರೂ ಬೇಡವೆನ್ನಲಿಲ್ಲ. ಮಧ್ಯಾಹ್ನದ ಊಟ ಧರ್ಮಪ್ಪನವರ ಮನೆಯಲ್ಲಿ, ಕೂತು ಬರೆಯುವುದಕ್ಕೆ ಮಿಲ್ಲಿನ ಆಫೀಸಿನಲ್ಲಿ ಮೇಜು ಕುರ್ಚಿ. ಇಷ್ಟು ಸುಖ ಎಲ್ಲೂ ಸಿಕ್ಕಿರಲಿಲ್ಲ.

ಫಾರಮಿನ ತಲೆಯಲ್ಲಿ ‘ತಾವು ನೀಡುವ ಮಾಹಿತಿಯನ್ನು ಗೋಪ್ಯವಾಗಿಡಲಾಗುವುದು’ ಎಂದು ಅಚ್ಚಾಗಿದೆ. ಅದನ್ನು ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿಕೊಂಡ ಮೇಲೆಯೇ ಪ್ರಶ್ನೆ ಕೇಳಬೇಕು. ಆ ಭಾಷೆ ಯಾರಿಗೆ ತಿಳಿಯಬೇಕು? ನೀವು ಹೇಳಿದ್ದು ಯಾರ ಹತ್ತಿರವೂ ಹೋಗುವುದಿಲ್ಲ ಎಂದು ನಾನೇ ಬಿಡಿಸಿ ಹೇಳುತ್ತೇನೆ. ನಿನ್ನೆ ಮೂವತ್ತೊಂದನೇ ಮನೆಯಲ್ಲಿ ಶೇಷಮ್ಮ ಎಂಬವಳು, ನನ್ನದೇ ವಯಸ್ಸಿರಬೇಕು, ಹೆಬ್ಬೆಟ್ಟು ಕೊಡದೆ ನನ್ನ ಮುಖವನ್ನೇ ನೋಡುತ್ತ ಕೂತಳು.

“ಧಣೇರಿಗೂ ಹೋಗಲ್ವಾ?” ಅಂದಳು.

ಅವರಿಗೂ ಹೋಗುವುದಿಲ್ಲ ಎಂದೆ. ಆಗ ಗಂಡನನ್ನು ನೀರಿಗೆ ಕಳಿಸಿ, ಎರಡು ತಿಂಗಳಿಂದ ಕೆಮ್ಮು, ಎರಡು ಸಲ ರಕ್ತವೂ ಬಿತ್ತು ಎಂದು ಹೇಳಿದಳು. ಗಂಡನಿಗೂ ಹೇಳಿರಲಿಲ್ಲವಂತೆ. ನನಗೆ ಒಂಥರಾ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ. ಡಬ್ಬಿ ಕಳಿಸಿದ್ದೇನೆ.

ನಿಮ್ಮ ಮಗಳು
ಮಹಾಲಕ್ಷ್ಮೀ


ತೀರ್ಥಹಳ್ಳಿ
೧೪ ಡಿಸೆಂಬರ್ ೧೯೮೧

ಮಹಾಲಕ್ಷ್ಮೀಗೆ ಆಶೀರ್ವಾದ.

ಕಾಗದ ತಲುಪಿತು. ನಿನ್ನ ಅತ್ತಿಗೆಗೂ ಓದಿ ಹೇಳಿದೆ, ಬಯಲಕಡೆಯ ಪ್ರಶ್ನೆಗಳನ್ನು ಬಿಟ್ಟು.

ಒಂದು ಮಾತು. ಧಣಿ ಮನೆಯಲ್ಲಿರಿ ಎಂದ ಮೇಲೆ ಬೇಡ ಅನ್ನುವುದಕ್ಕೆ ಯಾರಿಗೆ ಎದೆ ಇರುತ್ತದೆ ಮಾರಾಯ್ತಿ? ಅವರು ಉತ್ತರ ಕೊಟ್ಟದ್ದು ನಿನಗಲ್ಲ, ಧರ್ಮಪ್ಪನಿಗೆ. ಮೂವತ್ತು ವರ್ಷ ದೇವಿ ಹಾಕುವ ಕೆಲಸ ಮಾಡಿದವನು ನಾನು. ಸಿಡುಬಿನ ಸೂಜಿ ಹಿಡಿದು ಊರೊಳಗೆ ಕಾಲಿಟ್ಟರೆ ಅರ್ಧ ಊರು ಗದ್ದೆ ಬದುವಿನ ಆಚೆ ಇರುತ್ತಿತ್ತು. ಹಾಗೆ ಓಡಿದವರನ್ನು ಕಂಡರೆ ನನಗೆ ಸಿಟ್ಟು ಬರುತ್ತಿತ್ತು. ಈಗ ಅನ್ನಿಸುತ್ತದೆ, ಓಡುವುದಕ್ಕೆ ಅವರಿಗೆ ಜಾಗವಾದರೂ ಇತ್ತು.

ಇರಲಿ, ನಾನು ಪೆನ್ಶನ್ ಮುದುಕ. ಮಾರ್ಚಿಗೆ ನಿನ್ನ ಕೆಲಸ ಕಾಯಂ ಆಗಬೇಕು. ಮೇಲ್ವಿಚಾರಕರ ಹತ್ತಿರ ಎದುರಾಡಬೇಡ. ನಿನ್ನ ಬಾಯಿ ನಿನ್ನ ಅಮ್ಮನದು, ಅದೇ ನನ್ನ ಭಯ.

ಇಂತು
ಮುಕುಂದಯ್ಯ


ಸಾಗರ
೧೭ ಜನವರಿ ೧೯೮೨

ಅಪ್ಪಯ್ಯನಿಗೆ ನಮಸ್ಕಾರ.

ಬದುಕಿದ್ದೇನೆ, ಅಷ್ಟೆ. ಫಾರಮುಗಳನ್ನೆಲ್ಲ ಮೂರು ಮೂರು ಪ್ರತಿ ಫೇರ್ ಕಾಪಿ ಮಾಡಿ ಸಂಕ್ರಾಂತಿಯೊಳಗೆ ಕಳಿಸಬೇಕೆಂದು ಮೇಲಿನಿಂದ ತಾಕೀತು ಬಂತು. ಕಾರ್ಬನ್ ಇಟ್ಟು ಒತ್ತಿ ಬರೆದು ಬರೆದು ಬಲಗೈ ಬೆರಳು ಮಡಚುವುದಕ್ಕೆ ಬಾರದ ಹಾಗಾಯಿತು. ಪುಣ್ಯಕ್ಕೆ ಮಿಲ್ಲಿನ ರೈಟರು ವಾಸಪ್ಪನವರು ಸಿಕ್ಕಿದರು. ನಾನು ಕೈ ನೀವಿಕೊಳ್ಳುವುದನ್ನು ನೋಡಿ, ಕೊಡಿ ಅಮ್ಮ, ನನಗೆ ಮಧ್ಯಾಹ್ನ ಏನು ಕೆಲಸ ಎಂದು ಅರ್ಧಕ್ಕರ್ಧ ಕಟ್ಟನ್ನು ಅವರೇ ತೆಗೆದುಕೊಂಡರು. ಅಕ್ಷರ ಮುತ್ತು ಪೋಣಿಸಿದ ಹಾಗೆ. ಮೇಲ್ವಿಚಾರಕರು ನೋಡಿ, ಎಲ್ಲರೂ ಹೀಗೆ ಬರೆದರೆ ಎಷ್ಟು ಚೆನ್ನ ಎಂದರು. ನಾನು ಬಾಯಿ ಬಿಡಲಿಲ್ಲ.

ಕಫದ ಫಲಿತಾಂಶವೂ ಬಂತು. ಲೈನಿನ ನಲವತ್ತಾರು ಮನೆಗೆ ಒಬ್ಬಳಿಗೇ ಕ್ಷಯ, ಆ ಶೇಷಮ್ಮನಿಗೆ. ಅವಳೊಬ್ಬಳನ್ನೇ ಕರೆದು ಹೇಳಿದೆ. ಅಳಲಿಲ್ಲ. ಎಷ್ಟು ಸೂಜಿ ಎಂದು ಕೇಳಿದಳು. ವಾರಕ್ಕೆ ಎರಡು, ಜೊತೆಗೆ ಮಾತ್ರೆ, ಒಂದು ವರ್ಷ ಬಿಡದೆ ತೆಗೆದುಕೊಂಡರೆ ಪೂರಾ ವಾಸಿ, ಮಧ್ಯ ಬಿಟ್ಟರೆ ಜೀವಕ್ಕೆ ಅಪಾಯ ಎಂದೆ. ಲೈನಿನಲ್ಲಿ ಕೇಳಿದವರಿಗೆ ನಿಶ್ಶಕ್ತಿಯ ಸೂಜಿ ಎಂದು ಹೇಳಿಕೊಂಡು ಆಸ್ಪತ್ರೆಗೆ ಹೋಗಿ ಬರುತ್ತಿದ್ದಾಳೆ. ಈ ಒಂದು ಹೆಂಗಸು ಉಳಿದರೆ ನಾನು ತುಂಬಿದ ಅಷ್ಟೂ ಫಾರಮು ಸಾರ್ಥಕ ಅಪ್ಪಯ್ಯ.

ಮಹಾಲಕ್ಷ್ಮೀ


ಸಾಗರ
೯ ಫೆಬ್ರವರಿ ೧೯೮೨

ಅಪ್ಪಯ್ಯ,

ಮೂವತ್ತೊಂದನೇ ಮನೆ ಖಾಲಿಯಾಗಿದೆ.

ನಿನ್ನೆ ಮಾತ್ರೆ ಕೊಡುವುದಕ್ಕೆ ಹೋದೆ. ಒಳಗೆ ಸುಣ್ಣ ಬಳಿಯುತ್ತಿದ್ದರು. ಪಕ್ಕದ ಮನೆಯವಳು ನನ್ನನ್ನು ಕಂಡು ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ ಅಗುಳಿ ಹಾಕಿಕೊಂಡಳು. ಧರ್ಮಪ್ಪನವರನ್ನು ಕೇಳಿದರೆ ಮುಚ್ಚುಮರೆಯೇ ಇಲ್ಲ. ನೂರು ಜನ ದುಡಿಯುವ ಜಾಗ, ಭತ್ತದ ಕಣದಲ್ಲಿ ಕ್ಷಯದವಳನ್ನು ಇಟ್ಟುಕೊಳ್ಳಲಿಕ್ಕೆ ಆಗುತ್ತದೆಯೇ, ಗಂಡ ಹೆಂಡತಿಗೆ ಬಸ್ಸಿನ ಖರ್ಚು ಕೊಟ್ಟೇ ಕಳಿಸಿದ್ದೇನೆ ಎಂದರು. ನಿಮಗೆ ಯಾರು ಹೇಳಿದರು ಎಂದೆ. ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. “ನಿಮ್ದೇ ಕಾಗದದಾಗೆ ಇತ್ತಲ್ಲ ಅಮ್ಮ?” ಅಂದರು.

ಫೇರ್ ಕಾಪಿ ಮಾಡುವಾಗ ವಾಸಪ್ಪನವರು ಎಲ್ಲ ಓದಿದ್ದಾರೆ. ಎರಡು ತಿಂಗಳ ಕೆಮ್ಮು, ರಕ್ತ, ಎಲ್ಲ. ಆಮೇಲೆ ಅವಳು ಸೂಜಿಗೆ ಓಡಾಡುವುದು ಕಂಡು ಎರಡನ್ನೂ ಕೂಡಿಸಿಕೊಂಡಿದ್ದಾರೆ. ಅವರು ಕೆಟ್ಟವರಲ್ಲ ಅಪ್ಪಯ್ಯ, ಅದೇ ನನಗೆ ತಡೆಯಲಾಗದ್ದು. ಅವರ ಮೊಮ್ಮಗಳು ಆ ಕಣದಲ್ಲೇ ಆಡುತ್ತಾಳಂತೆ. ಹೆದರಿ ಧಣಿಗೆ ಹೇಳಿದರು. ಯಾರಿಗೂ ಹೇಳುವುದಿಲ್ಲ ಎಂದು ಶೇಷಮ್ಮನಿಗೆ ಮಾತು ಕೊಟ್ಟವರು ವಾಸಪ್ಪನವರಲ್ಲ. ನಾನು. ಕೈ ನೋಯುತ್ತದೆಂದು ಅವಳ ಮನೆಯ ಗುಟ್ಟನ್ನು ಅವಳ ಧಣಿಯ ಮೇಜಿನ ಮೇಲೆ ಬಿಚ್ಚಿಟ್ಟವಳೂ ನಾನೇ. ಆಗ ನನ್ನ ತಲೆಗೆ ಹೊಳೆಯಲೇ ಇಲ್ಲ. ಎಲ್ಲಿ ಊಟ ಹಾಕಿದರೋ ಅಲ್ಲಿ ಅನುಮಾನ ಪಡುವುದು ಹೇಗೆ?

ಅವಳಿಗೆ ಆದದ್ದು ಏಳೇ ಸೂಜಿ. ಮೇಲ್ವಿಚಾರಕರಿಗೆ ಹೇಳಿದರೆ, ‘ಊರು ಬಿಟ್ಟಿದ್ದಾರೆ’ ಎಂದು ಬರೆದು ಬದಲಿಗೆ ಇನ್ನೊಂದು ಮನೆ ಸೇರಿಸಿ ಎಂದರು. ಎಲ್ಲಿಗೆ ಹೋದಳೋ ಯಾರಿಗೂ ಗೊತ್ತಿಲ್ಲ. ಊಟ ಸೇರುತ್ತಿಲ್ಲ.

ಮಹಾಲಕ್ಷ್ಮೀ


ತೀರ್ಥಹಳ್ಳಿ
೧೬ ಫೆಬ್ರವರಿ ೧೯೮೨

ಮಹಾಲಕ್ಷ್ಮೀಗೆ ಆಶೀರ್ವಾದ.

ನೀನು ಬೇಕೆಂದು ಮಾಡಿದ್ದಲ್ಲ. ಇದನ್ನು ಮೊದಲು ತಲೆಯಲ್ಲಿಟ್ಟುಕೋ. ಊಟ ಬಿಟ್ಟರೆ ಅವಳಿಗೇನೂ ಲಾಭವಿಲ್ಲ.

ಎರಡನೆಯದು, ಇದನ್ನೆಲ್ಲ ಬರೆದುಗಿರೆದು ಮೇಲಕ್ಕೆ ಕಳಿಸಬೇಡ. ಫಾರಮನ್ನು ಹೊರಗಿನವರ ಕೈಗೆ ಕೊಟ್ಟೆ ಎಂದು ನೀನೇ ಒಪ್ಪಿಕೊಂಡರೆ ಮಾರ್ಚಿನಲ್ಲಿ ಏನಾಗುತ್ತದೆಂದು ಗೊತ್ತಲ್ಲ. ಮೂವತ್ತೆರಡು ವರ್ಷವಾಯಿತು ನಿನಗೆ. ಮದುವೆ ಬೇಡವೆಂದೆ, ನಾನು ಸರಿ ಎಂದೆ. ನೌಕರಿಯೂ ಹೋದರೆ ಅಣ್ಣನ ಮನೆಯಲ್ಲಿ ಬಂದು ಕೂರುವವಳೇ? ಮೇಲ್ವಿಚಾರಕರು ಹೇಳಿದ ಹಾಗೆ ಬರೆದು ಬಾಯಿ ಮುಚ್ಚಿಕೊಂಡಿರು. ಸರ್ಕಾರಿ ಕಾಗದದಲ್ಲಿ ಎಷ್ಟೋ ಮನೆಗಳು ಹೀಗೇ ಊರು ಬಿಟ್ಟಿವೆ.

ಮುಕುಂದಯ್ಯ


ಸಾಗರ
೨೪ ಫೆಬ್ರವರಿ ೧೯೮೨

ಅಪ್ಪಯ್ಯನವರಿಗೆ,

ನಿಮ್ಮ ಕಾಗದ ಬರುವ ಮೊದಲೇ ಬರೆದುಕೊಟ್ಟಾಗಿತ್ತು. ಅದು ಮೊದಲೇ ಬಂದಿದ್ದರೂ ಕೊಡುತ್ತಿದ್ದೆ. ಮೇಲ್ವಿಚಾರಕರು ಎರಡು ಸಲ ಓದಿ, ಮಡಚಿ ಡ್ರಾಯರಿನಲ್ಲಿ ಹಾಕಿಕೊಂಡರು. ಇಂಥದನ್ನು ಲಿಖಿತದಲ್ಲಿ ಕೊಡಬಾರದಮ್ಮ ಎಂದರು. ನನ್ನನ್ನು ಹೊಸನಗರಕ್ಕೆ ಹಾಕಿದ್ದಾರೆ. ಕಾಯಂ ಮಾಡುವ ಪಟ್ಟಿಯಲ್ಲಿ ನನ್ನ ಹೆಸರಿಲ್ಲ. ನಿಮ್ಮ ಭಯ ನಿಜವಾಯಿತು, ಸಮಾಧಾನವೇ?

ಬಾಯಿ ಮುಚ್ಚಿಕೊಂಡಿರು ಎಂದು ನೀವು ಬರೆಯುತ್ತೀರಿ ಎಂದು ನಾನು ಅಂದುಕೊಂಡಿರಲಿಲ್ಲ. ಶೇಷಮ್ಮನಿಗೆ ಏನಾಗಬಹುದು ಎಂದು ನಿಮ್ಮ ಕಾಗದದಲ್ಲಿ ಒಂದು ಸಾಲಿಲ್ಲ. ಇನ್ನು ಕೆಲವು ದಿವಸ ನಾನು ಬರೆಯುವುದಿಲ್ಲ. ಸಿಟ್ಟಿಗಲ್ಲ. ಸಿಟ್ಟಿಗೇ.

ಮಹಾಲಕ್ಷ್ಮೀ


ತೀರ್ಥಹಳ್ಳಿ
೨ ಮೇ ೧೯೮೨

ಮಹಾಲಕ್ಷ್ಮೀಗೆ,

ಎರಡು ತಿಂಗಳಾಯಿತು. ಮೂರು ಕಾರ್ಡು ಹಾಕಿದೆ, ಉತ್ತರವಿಲ್ಲ. ಯುಗಾದಿಗೂ ಬರಲಿಲ್ಲ. ಇದು ನಾಲ್ಕನೆಯದು, ಲಕೋಟೆಯಲ್ಲಿ ಹಾಕಿದ್ದೇನೆ. ಕಾರ್ಡಿನಲ್ಲಿ ಬರೆಯುವ ವಿಷಯವಲ್ಲ.

ಐವತ್ತೆಂಟನೇ ಇಸವಿ. ಹುಂಚದ ಆಚೆಗಿನ ಒಂದು ಹಳ್ಳಿ. ಊರಿನಲ್ಲಿ ಎಲ್ಲರಿಗೂ ದೇವಿ ಹಾಕಿ ಮುಗಿಸಿದ್ದೆ, ಒಬ್ಬಳು ಬಾಣಂತಿ ಮಾತ್ರ ಬಾಕಿ. ಮಗುವಿಗೆ ಹನ್ನೆರಡು ದಿವಸ. ಕೋಣೆಯ ಒಳಗಿಂದಲೇ, ತಿಂಗಳು ಕಳೀಲಿ ಅಯ್ಯಾ, ನಾನೇ ಬಂದು ಹಾಕಿಸ್ಕಳ್ತೀನಿ ಎಂದು ಕೇಳಿಕೊಂಡಳು. ನಾನು ಹೂಂ ಎಂದು ಹೊರಟೆ. ದಾರಿಯಲ್ಲಿ ಪಟೇಲರ ಮನೆ. ಎಲ್ಲ ಮುಗಿಯಿತೇನಯ್ಯಾ ಎಂದು ಕೇಳಿದರು. ಎಲೆ ಅಡಿಕೆ ಮುಂದಿಟ್ಟಿದ್ದರು. ಒಂದು ಬಾಕಿ ಎಂದು ಬಾಯಿಬಿಟ್ಟೆ, ಹೆಸರೂ ಹೇಳಿದೆ. ಅವರು ಇಬ್ಬರು ಆಳನ್ನು ಕಳಿಸಿದರು. ಬಾಣಂತಿ ಕೋಣೆಯಿಂದ ಅವಳನ್ನು ಅಂಗಳಕ್ಕೆ ಎಳೆದು ತಂದರು. ಅಷ್ಟು ಜನರ ಎದುರು, ಒಬ್ಬ ತೋಳು ಹಿಡಿದ, ನಾನು ಸೂಜಿ ಹಾಕಿದೆ. ಅವಳು ನನ್ನನ್ನು ಬೈಯಲಿಲ್ಲ. ಹೂಂ ಅಂದಿದ್ರಲ್ಲ ಎಂದಳು, ಅಷ್ಟೆ. ಆ ವರ್ಷ ನೂರಕ್ಕೆ ನೂರು ಮಾಡಿದೆನೆಂದು ನನಗೆ ಶಹಭಾಸ್‌ಗಿರಿ ಸಿಕ್ಕಿತು.

ಇದನ್ನು ನಿನ್ನ ಅಮ್ಮನಿಗೂ ಹೇಳಿರಲಿಲ್ಲ. ಬಾಯಿ ಮುಚ್ಚಿಕೊಂಡಿರು ಎಂದು ನಿನಗೆ ಬರೆದೆನಲ್ಲ, ಅದು ಇಪ್ಪತ್ತನಾಲ್ಕು ವರ್ಷದ ನನ್ನ ಅಭ್ಯಾಸ. ನೀನು ಬರೆದುಕೊಟ್ಟದ್ದು ಸರಿ. ನಾನು ಬರೆದದ್ದು ತಪ್ಪು. ಸಾಕೇ? ಇನ್ನು ಕಾಗದ ಹಾಕು.

ಅಪ್ಪಯ್ಯ


ಹೊಸನಗರ
೩೦ ಮೇ ೧೯೮೨

ಅಪ್ಪಯ್ಯನಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ. ಉತ್ತರ ಬರೆಯಲು ಕೂತು ಎದ್ದು, ಕೂತು ಎದ್ದು ಆಯಿತು. ಅದರ ಮಾತು ಎದುರೆದುರು ಕೂತಾಗ ಆಡೋಣ. ಈಗ ಬೇರೆ ವಿಷಯವಿದೆ.

ಶೇಷಮ್ಮ ಸಿಕ್ಕಳು. ನಗರದ ಕೋಟೆಯಿಂದ ಮುಂದೆ ರಸ್ತೆ ಕೆಲಸ ನಡೆಯುತ್ತಿದೆ. ಜಲ್ಲಿ ಒಡೆಯುವವರು ಹತ್ತು ಹನ್ನೆರಡು ಗುಡಿಸಲು ಹಾಕಿಕೊಂಡಿದ್ದಾರೆ. ಸರ್ವೆಗೆಂದು ಅಲ್ಲಿಗೆ ಹೋದರೆ, ಕಲ್ಲಿನ ರಾಶಿಯ ಮುಂದೆ ಕೂತಿದ್ದಾಳೆ. ಅರ್ಧ ಆಗಿದ್ದಾಳೆ ಅಪ್ಪಯ್ಯ. ಹೆಸರು ಹಿಡಿದು ಕರೆದುಬಿಟ್ಟೆ. ಬುದ್ಧಿ ಎಲ್ಲಿತ್ತೋ ನನಗೆ. ಸುತ್ತಲಿನವರೆಲ್ಲ ಸುತ್ತಿಗೆ ನಿಲ್ಲಿಸಿ ನೋಡಿದರು.

“ಶೇಷಮ್ಮ ಅಂತ ಇಲ್ಲಿ ಯಾರೂ ಇಲ್ಲ ಅಮ್ಮ,” ಎಂದು ತಲೆ ತಗ್ಗಿಸಿ ಕಲ್ಲು ಒಡೆಯತೊಡಗಿದಳು.

ಅಲ್ಲಿ ಬೇರೆ ಹೆಸರು ಹೇಳಿಕೊಂಡಿದ್ದಾಳೆ. ನಾನೂ, ಹೌದು, ಬೇರೆ ಯಾರನ್ನೋ ಕಂಡ ಹಾಗಾಯಿತು ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಮುಂದೆ ನಡೆದೆ. ಅವಳ ಗುಡಿಸಲಿಗೆ ಫಾರಂ ತುಂಬಲಿಲ್ಲ. ಸಂಜೆ ಬಸ್ಸಿಗೆ ಬರುವಾಗ ಹಳ್ಳದ ಹತ್ತಿರ ಕೊಡ ಹಿಡಿದು ನಿಂತಿದ್ದಳು, ನನಗೆಂದೇ. ಹತ್ತಿರ ಬರಬೇಡಿ ಎಂದು ಕೈ ತೋರಿಸಿದಳು. ಕ್ಷಮಿಸು ಎಂದೆ. ಅವಳು ಬಗ್ಗಿ ಕೊಡ ತುಂಬಿಕೊಂಡಳು. ಔಷಧಿ ತಂದುಕೊಡುತ್ತೇನೆ, ಈಗ ಬಿಟ್ಟರೆ ಉಳಿಯುವುದಿಲ್ಲ ಎಂದೆ.

“ನೀವು ಬಂದ್ರೆ ಇವ್ರೂ ಕೇಳ್ತಾರೆ. ಇಲ್ಲಿಂದಾನೂ ಓಡಿಸ್ತಾರೆ. ಮದ್ದು ಬ್ಯಾಡ, ನೀವೂ ಬ್ಯಾಡ. ಎಲ್ಲೂ ಬರೀಬ್ಯಾಡಿ, ಅಷ್ಟ್ ಮಾಡಿ ಸಾಕು.”

ಇಷ್ಟು ಹೇಳುವುದರೊಳಗೆ ಮೂರು ಸಲ ಕೆಮ್ಮಿದಳು. ನನ್ನ ಮುಖ ಈಗ ಈ ತಾಲ್ಲೂಕಿಗೆಲ್ಲ ಗೊತ್ತು, ಹೆಗಲಿಗೆ ಈ ಸರ್ವೆ ಚೀಲ ಬೇರೆ. ನಾನು ಹೋದಲ್ಲೆಲ್ಲ ರೋಗ ಹುಡುಕುವವಳು ಬಂದಳು ಎನ್ನುತ್ತಾರೆ. ನಿಮಗೆ ಆ ಗುರುತಿಲ್ಲ. ಕಾಲರಾ ಸೂಜಿಯನ್ನೂ ಸಾವಿರಗಟ್ಟಲೆ ಹಾಕಿದ ಕೈ ನಿಮ್ಮದು. ತೀರ್ಥಹಳ್ಳಿಯ ನಿಮ್ಮ ಪರಿಚಯದ ಡಾಕ್ಟರು ಔಷಧಿ ಕೊಟ್ಟಾರು. ಯಾರೋ ಮುದುಕರು ನೆಂಟರ ಮನೆಗೆ ಬಂದ ಹಾಗೆ ಹೋಗಿ ಬರಲು ಆಗುತ್ತದೆಯೇ? ಈ ವಯಸ್ಸಿನಲ್ಲಿ ಕೇಳಬಾರದು. ಕೇಳುತ್ತಿದ್ದೇನೆ.

ಮಹಾಲಕ್ಷ್ಮೀ


ತೀರ್ಥಹಳ್ಳಿ
೨೭ ಜೂನ್ ೧೯೮೨

ಮಹಾಲಕ್ಷ್ಮೀಗೆ ಆಶೀರ್ವಾದ.

ಹೋಗಿದ್ದೆ. ಮೂರು ಸಲ. ಡಾಕ್ಟರು ಒಂದು ಮಾತೂ ಕೇಳದೆ ಔಷಧಿ ಕೊಟ್ಟರು.

ಮೊದಲ ಸಲ ಅವಳು ಮಾತಾಡಿಸಲಿಲ್ಲ. ಹಳ್ಳದ ದಂಡೆಯಲ್ಲಿ ಒಂದು ಗಂಟೆ ಕೂತು ಮರಳಿ ಬಂದೆ. ಎರಡನೇ ಸಲ, ಬೇಡ ಎಂದಳು. ಸರಿ ಎಂದು ಎದ್ದೆ. ಬೇಡ ಎಂದವರ ಎದುರಿನಿಂದ ಸುಮ್ಮನೆ ಎದ್ದು ಬಂದದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಬಸ್ಸಿನಲ್ಲಿ ಬರುವಾಗ, ಇವಳು ಹೀಗೇ ಸತ್ತರೆ ನಾನು ಸುಮ್ಮನಿದ್ದದ್ದೂ ಪಾಪವೇ ಎನ್ನಿಸಿತು. ಆದರೂ ಮೂರನೇ ಸಲ ಹೋದಾಗ ಒತ್ತಾಯ ಮಾಡಲಿಲ್ಲ. ಅವಳೇ ಬಂದು ಸ್ವಲ್ಪ ದೂರದಲ್ಲಿ ಕೂತಳು. ನಿಮ್ಮನ್ನು ಕಳಿಸಿದ್ದು ಯಾರು ಎಂದು ಕೇಳಿದಳು. ಸುಳ್ಳು ಹೇಳಬಹುದಿತ್ತು. ಮಿಲ್ಲಿಗೆ ಬಂದಿದ್ದವಳು ನನ್ನ ಮಗಳು ಎಂದೆ.

ಆಮೇಲೆ ಹೇಳಿದಳು:

“ಸೂಜಿ ಹಾಕಿಸ್ಕಳ್ತೀನಿ. ಆದ್ರೆ ಆಯಮ್ಮಂಗೆ ನನ್ನ ಸುದ್ದಿ ಒಂದೂ ಹೋಗ್ಬಾರ್ದು. ಬದ್ಕಿದೀನಾ ಸತ್ನಾ, ಅದೂ. ಹಂಗಂದ್ರೆ ಮಾತ್ರ.”

ನಾನು ಮಾತು ಕೊಟ್ಟಿದ್ದೇನೆ. ಇದನ್ನು ಹೇಗೆ ಬರೆಯುವುದೆಂದು ಮೂರು ದಿವಸ ಯೋಚಿಸಿದೆ, ಬೇರೆ ದಾರಿ ಕಾಣಲಿಲ್ಲ. ಅವಳು ಇಷ್ಟು ಮಾತ್ರ ನಿನಗೆ ತಿಳಿಸಲು ಒಪ್ಪಿದ್ದಾಳೆ, ನೀನು ಹುಡುಕಿಕೊಂಡು ಬರಬಾರದೆಂದು. ನೀನು ನೋಡಿದ ಜಾಗದಲ್ಲಿ ಅವರಿಲ್ಲ. ವಿಚಾರಿಸಬೇಡ. ಇನ್ನು ಮುಂದೆ ನೀನು ಕೇಳಬಾರದು, ನಾನು ಹೇಳಬಾರದು. ನಿನಗೆ ಎಷ್ಟು ಕಷ್ಟವಾಗುತ್ತದೆಂದು ನನಗೆ ಗೊತ್ತು. ಆದರೆ ಈ ಮುದುಕನ ಕೈಯಲ್ಲಿ ಇನ್ನೊಂದು ಮಾತು ಮುರಿಸಬೇಡ.

ಅಪ್ಪಯ್ಯ


ಹೊಸನಗರ
೧೮ ಅಕ್ಟೋಬರ್ ೧೯೮೨

ಅಪ್ಪಯ್ಯನಿಗೆ ನಮಸ್ಕಾರ.

ದಸರೆಗೆ ಬರುತ್ತೇನೆಂದು ಬರೆದಿದ್ದೆ, ಬರಲಾಗುವುದಿಲ್ಲ. ಕೆಲಸವನ್ನು ಇನ್ನು ಆರು ತಿಂಗಳಿಗೆ ಹಂಗಾಮಿಯಾಗಿ ಮುಂದುವರಿಸಿದ್ದಾರೆ. ಈಗ ದೊಡ್ಡ ಮನೆಗಳಲ್ಲಿ ಊಟಕ್ಕೆ ಕೂರುವುದಿಲ್ಲ, ರೊಟ್ಟಿ ಕಟ್ಟಿಕೊಂಡು ಹೋಗುತ್ತೇನೆ. ಧಣಿಗಳಿಗೆ ಅದು ಬಿಗುಮಾನವಾಗಿ ಕಾಣುತ್ತದೆ, ಕಾಣಲಿ. ಅಚ್ಚಾದ ಆ ಸಾಲನ್ನು ಓದಿದ ಮೇಲೆ, ಬೇಡವಾದರೆ ಬೇಡ ಅನ್ನಿ, ನಾನು ಎದ್ದು ಹೋಗುತ್ತೇನೆ, ಯಾರಿಗೂ ದೂರು ಹೇಳುವುದಿಲ್ಲ ಎಂದು ಹೇಳುತ್ತೇನೆ. ಹತ್ತು ಮನೆಯಲ್ಲಿ ಐದು ಮನೆಯವರು ಬೇಡ ಎನ್ನುತ್ತಾರೆ. ಬೇರೆಯವರೆಲ್ಲ ಇನ್ನೂರು ಮನೆ ಮುಗಿಸಿದರೆ ನನ್ನದು ತೊಂಬತ್ತು. ಮೇಲ್ವಿಚಾರಕರು ಈಗ ನನಗೆ ಬೈಯುವುದನ್ನೂ ಬಿಟ್ಟಿದ್ದಾರೆ. ಸಾಕಾಗಿದೆ ಅಪ್ಪಯ್ಯ, ಆದರೆ ಬೇರೆ ರೀತಿ ಮಾಡಲು ಬರುವುದಿಲ್ಲ.

ಈ ನಾಲ್ಕು ತಿಂಗಳು ನಾನು ಒಂದು ಸಲವೂ ಕೇಳಲಿಲ್ಲ. ನೀವೂ ಹೇಳಲಿಲ್ಲ. ಹೋದ ಕಾಗದದಲ್ಲಿ ಮಾತ್ರ, ವಾರಕ್ಕೆರಡು ಸಲ ಬಸ್ಸಿನಲ್ಲಿ ಕೂತು ಕೂತು ಸೊಂಟ ಹಿಡಿದುಕೊಂಡಿದೆ ಎಂದು ಬರೆದಿದ್ದಿರಿ. ಆ ಸಾಲನ್ನು ಓದಿ ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಯಾವ ಬಸ್ಸು, ಎಲ್ಲಿಗೆ, ಏನೂ ಕೇಳುವುದಿಲ್ಲ. ನೀವು ಇನ್ನೂ ಹೋಗುತ್ತಿದ್ದೀರಲ್ಲ, ನನಗೆ ಅಷ್ಟು ಸಾಕು. ಸೊಂಟಕ್ಕೆ ಎಣ್ಣೆ ಹಚ್ಚಿ ಬಿಸಿನೀರು ಹಾಕಿಕೊಳ್ಳಿ. ಹೇಗಿದೆ ಎಂದು ಬರೆಯಿರಿ.

ನಿಮ್ಮ ಮಗಳು
ಮಹಾಲಕ್ಷ್ಮೀ


ತೀರ್ಥಹಳ್ಳಿ
೨೫ ಅಕ್ಟೋಬರ್ ೧೯೮೨

ಮಹಾಲಕ್ಷ್ಮೀಗೆ ಆಶೀರ್ವಾದ.

ಮನೆಯಲ್ಲಿ ಎಲ್ಲರೂ ಕ್ಷೇಮ. ನಿನ್ನ ಅತ್ತಿಗೆ ಉಪ್ಪಿನಕಾಯಿ ಕಳಿಸುತ್ತಾಳೆ, ದೀಪಾವಳಿಗಾದರೂ ಬಾ.

ಆ ಸಾಲು ಬರೆದದ್ದು ನನ್ನ ತಪ್ಪು. ಬರೆಯುವಾಗ ಹೊಳೆಯಲಿಲ್ಲ. ಮುಂದೆ ಬಸ್ಸಿನ ವಿಷಯ ಬರೆಯುವುದಿಲ್ಲ. ಸೊಂಟ ಹೇಗಿದೆ ಎಂದು ನೀನು ಕೇಳಬೇಡ. ನೋವು ಇನ್ನೂ ಇದೆ ಎಂದರೂ, ವಾಸಿಯಾಯಿತು ಎಂದರೂ, ನೀನು ಅದರಲ್ಲಿ ಅವಳ ಸುದ್ದಿಯನ್ನೇ ಓದುತ್ತೀಯ.

ಅಪ್ಪಯ್ಯ